ಒಗ್ಗರಣೆಯಿಲ್ಲದ ಸಾರು

ಫೋನು ಬಂದಾಗ ಭೋಜ ಮೆಂತ್ಯ ಹುರಿಯುತ್ತಿದ್ದ. ಮೆಂತ್ಯ ಸ್ವಲ್ಪ ಹೆಚ್ಚಾಗಿ ಹುರಿದರೂ ಪುಡಿಯೆಲ್ಲ ಕಹಿ. ಹಾಗಾಗಿ ಅವನು ಮೊದಲು ಒಲೆ ಆರಿಸಿ, ಮೆಂತ್ಯವನ್ನು ತಟ್ಟೆಗೆ ಸುರಿದು, ಕೈ ಒರೆಸಿಕೊಂಡು ಆಮೇಲೆ ಫೋನು ಎತ್ತಿದ. ಆ ಕಡೆ ಅತ್ತಿಗೆ. ಕುಂದಾಪುರದ ಹತ್ತಿರದ ಮನೆಯಲ್ಲಿ ಅವನ ಅಣ್ಣ ಶೀನ ಬೆಳಿಗ್ಗೆ ಚಾ ಕುಡಿದು ಎದ್ದವನು ಬಾಗಿಲ ಬಳಿಯೇ ಕುಸಿದಿದ್ದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು.

"ನಿಂಗ್ ಇವತ್ತ್ ಬಪ್ಕೆ ಆತಿಲ್ಲ ಅಂದ್ ಗೊತ್ತಿತ್ತ್. ಸಂಜಿ ಒಳ್ಗೆ ಹೆಣ ಎತ್ತುದ್ ಅಂಬ್ರ್" ಎಂದಳು ಅತ್ತಿಗೆ.

"ಆಯ್ತ್" ಎಂದ ಭೋಜ.

ಫೋನು ಇಟ್ಟ. ಹೊರಗೆ ಟ್ರಾಮು ತಿರುವು ತೆಗೆದುಕೊಳ್ಳುವ ಕಿರುಗುಟ್ಟುವಿಕೆ ಕೇಳಿಸಿತು. ಬಳಿಕ ಬಾಣಲೆಗೆ ಕೊತ್ತಂಬರಿ ಬೀಜ ಹಾಕಿ ಹುರಿಯತೊಡಗಿದ.

ಲಂಡನ್ನಿನ ಕ್ರೋಯ್ಡನ್ ಬಡಾವಣೆಯ ಈ ಅಡುಗೆಮನೆ ನಿತೀಶನದು. ನಿತೀಶ ಉಡುಪಿಯವನು. ಅಲ್ಲಿನ ಕನ್ನಡದ ಹಿರಿಯರನ್ನು ಬಸ್ಸಿನಲ್ಲಿ ಕೂರಿಸಿ ದೇಶ ತೋರಿಸುವುದು ಅವನ ವ್ಯವಹಾರ. ವರ್ಷಕ್ಕೆರಡು ಬಾರಿ ಅಮೆರಿಕದ ಮರುಭೂಮಿಯ ಕಣಿವೆಗಳಿಗೂ ರಾಷ್ಟ್ರೀಯ ಉದ್ಯಾನಗಳಿಗೂ ತಂಡ ಹೊರಡುತ್ತದೆ. "ಕಣಿವೆ ಯಾರ್ ಬೇಕಾದ್ರೂ ತೋರಿಸ್ತಾರೆ. ಕಣಿವೆ ಬದಿಯಲ್ಲಿ ಬಿಸಿ ಅನ್ನ ಸಾರು ಹಾಕುದು ನಾವು ಮಾತ್ರ" ಎಂಬುದು ಅವನು ಎಲ್ಲರಿಗೂ ಹೇಳುವ ಮಾತು. ಆ ಅನ್ನ ಸಾರು ಭೋಜನ ಕೆಲಸ. ಬಸ್ಸಿನ ಹಿಂದೆ ಚಾಲಕನ ಸಮೇತ ಒಂದು ವ್ಯಾನು, ಅದರಲ್ಲಿ ಗ್ಯಾಸ್ ಒಲೆ, ಕುಕ್ಕರು, ಅಕ್ಕಿ, ಪುಡಿಗಳು. ಜನ ಕಣಿವೆಯ ಅಂಚಿಗೆ ಹೋಗಿ ನೋಡಿಕೊಂಡು ಬರುವಷ್ಟರಲ್ಲಿ ಪಾರ್ಕಿಂಗ್ ಬದಿಯ ಮೇಜಿನ ಮೇಲೆ ಊಟ ಸಿದ್ಧವಾಗಿರಬೇಕು. ಹೀಗೆ ವರ್ಷಗಳಿಂದ ಹೋಗಿಬರುತ್ತಿದ್ದರೂ ಭೋಜ ಅಲ್ಲಿನ ಪಾರ್ಕಿಂಗ್ ಜಾಗಗಳನ್ನಷ್ಟೇ ಬಲ್ಲವನು. ಯಾವುದರಲ್ಲಿ ನೆರಳಿದೆ, ಯಾವುದರಲ್ಲಿ ನಲ್ಲಿ ಇದೆ, ಎಲ್ಲಿ ಗಾಳಿಗೆ ಒಲೆ ಆರುತ್ತದೆ ಎಂದು ಕೇಳಿದರೆ ಹೇಳುತ್ತಾನೆ.

ಮರುದಿನವೇ ತಂಡ ಹೊರಡುವುದಿತ್ತು.

ಮನೆಗೆ ಬಂದಾಗ ಹೆಂಡತಿ ಸುಗುಣಾ ದೇವರ ಗೂಡಿನ ಬಾಗಿಲು ಹಾಕಿಯಾಗಿತ್ತು. ಅವಳಿಗೂ ಊರಿಂದ ಸುದ್ದಿ ಬಂದಿತ್ತು. ಅವಳು ಅತ್ತು ಮುಗಿಸಿದ್ದಳು.

"ಬೊಜ್ಜ ಮುಗಿವರೆಗೆ ಸೂತಕ" ಎಂದಳು, ಉತ್ತರಕ್ರಿಯೆಯ ದಿನ ಲೆಕ್ಕ ಹಾಕುತ್ತ. "ದೀಪ ಹಚ್ಚುಕಿಲ್ಲ, ದೇವಸ್ಥಾನಕ್ಕೆ ಹೋಪುಕಿಲ್ಲ. ನೀವ್ ಕಂಡ್ರೆ ಅಷ್ಟ್ ಜನ್ರಿಗೆ ಅಡಿಗಿ ಮಾಡುಕೆ ಹೋತ್ರಿ. ಅವ್ರಿಗೆ ಹೇಳ್ಕಲ್ದಾ?"

"ನಿತೀಶಂಗೆ ಹೇಳ್ತೆ."

ನಿತೀಶ ಫೋನಿನಲ್ಲಿ, "ಅಯ್ಯೋ ದೇವರೇ. ಭೋಜಣ್ಣ, ನೀವು ಊರಿಗೆ ಹೋಗ್ತೇನೆ ಅಂದ್ರೆ ನಾನು ತಡೆಯುದಿಲ್ಲ" ಎಂದ. "ಆದ್ರೆ ಅಮೆರಿಕದ ವೀಸಾ ಇರುವ ಅಡಿಗೆಯವ ನನ್ನತ್ರ ನೀವೊಬ್ರೆ."

"ಊರಿಗೆ ಹೋಗಿ ಎಂತ ಮಾಡುದ್? ಸಂಜಿಗೆ ಎಲ್ಲ ಮುಗೀತದೆ. ಬತ್ತೆ ನಾನು."

"ಒಂದು ವಿಷಯ ಭೋಜಣ್ಣ. ಅವ್ರ ಹತ್ರ ಹೇಳ್ಬೇಡಿ. ಆ ಪ್ರಾಯದವ್ರಿಗೆ ಇದೆಲ್ಲ ದೊಡ್ಡ ಸಂಗತಿ. ಒಬ್ರು ಊಟ ಬಿಟ್ರೆ ಎಲ್ರೂ ಬಿಡ್ತಾರೆ. ಟೂರೇ ಹಾಳಾಗ್ತದೆ."

ಭೋಜ ಅದಕ್ಕೂ ಆಯ್ತೆಂದ. ಸುಗುಣಾ ಕೇಳಿಸಿಕೊಂಡಳು. ಅವನ ಸ್ವೆಟರನ್ನು ಸೂಟ್‌ಕೇಸಿಗೆ ಹಾಕಿದಳು.

ಲಾಸ್ ವೇಗಸ್‌ನಲ್ಲಿ ಇಳಿದ ಮಾರನೆಯ ದಿನ ಜಯಾನ್ ಕಣಿವೆ. ಗೈಡ್ ಅಮೆರಿಕದ ಹೆಂಗಸು, ದೊಡ್ಡ ಟೋಪಿಯವಳು. ಜನರನ್ನು ಸಾಲಾಗಿ ನದಿಯ ಕಡೆ ಕರೆದೊಯ್ದಳು. ಭೋಜ ಕೆಂಪು ಗೋಡೆಯಂಥ ಬಂಡೆಗೆ ಬೆನ್ನು ಹಾಕಿ ಒಲೆ ಹೊತ್ತಿಸಿದ. ದಿನವೂ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ ಆನೆಗುಡ್ಡೆ ಗಣಪತಿಯ ಚಿತ್ರಕ್ಕೆ ಊದುಬತ್ತಿ ಹಚ್ಚಿ ಕೆಲಸ ಶುರುಮಾಡುವವನು ಅಂದು ಹಚ್ಚಲಿಲ್ಲ.

ಊಟದ ಹೊತ್ತಿಗೆ ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿರುವ ಕಾಮಾಕ್ಷಿ ಒಂದು ಬೆಳ್ಳಿಯ ಬಟ್ಟಲು ಹಿಡಿದು ಬಂದರು. ಮೈಸೂರಿನವರು, ನಿವೃತ್ತ ಶಿಕ್ಷಕಿ. ಗಂಡ ಸತ್ಯನಾರಾಯಣ ಎಂಜಿನಿಯರ್ ಆಗಿದ್ದವರು. ಕಾಮಾಕ್ಷಿಯ ಕೈಚೀಲದಲ್ಲಿ ಹೆಬ್ಬೆರಳ ಗಾತ್ರದ ಕೃಷ್ಣನ ವಿಗ್ರಹ.

"ಭೋಜ ಅವ್ರೇ, ಬಡಿಸೋಕೆ ಮುಂಚೆ ನೈವೇದ್ಯಕ್ಕೆ ಒಂದು ಸೌಟು ಅನ್ನ ಕೊಡ್ತೀರಾ? ಮಡಿ ಅಡುಗೆ ಅಂತೂ ಇಲ್ಲಿ ಆಗಲ್ಲ. ನೀವು ಶುದ್ಧವಾಗಿ ಮಾಡ್ತೀರಿ ಅಂತ ನಿತೀಶ್ ಹೇಳಿದಾರೆ."

"ಕೃಷ್ಣಂಗೂ ವೀಸಾ ತಗೊಂಡಿದಾಳೆ, ಇವಳು" ಎಂದರು ಸತ್ಯನಾರಾಯಣ ಹಿಂದಿನಿಂದ. "ಸೀನಿಯರ್ ಸಿಟಿಜನ್ ರಿಯಾಯಿತಿ ಬೇರೆ."

ಭೋಜ ಅನ್ನ ಕೊಟ್ಟ. ಕೊಡುವಾಗ ಏನಾದರೂ ಆಗಬಹುದೆಂದು ಕಾದ. ಏನೂ ಆಗಲಿಲ್ಲ. ಕಾಮಾಕ್ಷಿ ಕಲ್ಲಿನ ಮೇಲೆ ಕೃಷ್ಣನನ್ನು ಕೂರಿಸಿ, ಕಣ್ಣು ಮುಚ್ಚಿ, ಅನ್ನದ ಸುತ್ತ ನೀರು ಕಟ್ಟಿದರು. ಅನಂತರ ಎಲ್ಲರೂ ಉಂಡರು. ಭೋಜನೂ ನಿಂತುಕೊಂಡೇ ಉಂಡ.

ಮಾರನೆಯ ದಿನ ಬ್ರೈಸ್ ಕಣಿವೆಯಲ್ಲಿಯೂ ಹಾಗೆಯೇ. ಬೆಳ್ಳಿ ಬಟ್ಟಲು, ಒಂದು ಸೌಟು ಅನ್ನ. ಅಲ್ಲಿ ಎತ್ತರ ಹೆಚ್ಚು, ಚಳಿ. ಅಂಚಿನಿಂದ ಮರಳಿದವರು ಕೈ ಉಜ್ಜಿಕೊಳ್ಳುತ್ತ, ಕೆಳಗೆ ಸಾವಿರಾರು ಕಲ್ಲಿನ ಕಂಬಗಳು ಮದುವೆಮನೆಯ ಜನರಂತೆ ನಿಂತಿವೆ ಎಂದು ಹೇಳುತ್ತ ತಟ್ಟೆ ಹಿಡಿದರು. ಭೋಜ ಸಾರು ಬಡಿಸಿದ.

ಲಂಡನ್ನಿನದೇ ಸಟನ್‌ನ ಚಂದ್ರವ್ವ ಸಾರನ್ನು ಒಮ್ಮೆ ಹೀರಿ, ತಟ್ಟೆಯನ್ನು ನೋಡಿದಳು. ವಿಜಯಪುರದ ಕಡೆಯವಳು. ಆಸ್ಪತ್ರೆಯ ವಾರ್ಡುಗಳಲ್ಲಿ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು, ಒಬ್ಬಳೇ ಬಂದಿದ್ದಳು; ಹಿಂದೊಮ್ಮೆ ಇದೇ ವ್ಯಾನಿನ ಊಟ ಉಂಡು ಭೋಜನ ಊದುಬತ್ತಿಯನ್ನೂ ಕಂಡಿದ್ದವಳು. ಎಲ್ಲರದೂ ಮುಗಿದ ಮೇಲೆ ತಟ್ಟೆ ತೊಳೆಯುವ ನೆಪದಲ್ಲಿ ವ್ಯಾನಿನ ಹಿಂದೆ ಬಂದಳು.

"ಭೋಜಣ್ಣ, ಸಾರಿಗೆ ಒಗ್ಗರಣಿ ಹಾಕೇ ಇಲ್ಲಲ್ಲೋ."

ಭೋಜ ಪಾತ್ರೆಯನ್ನು ನೋಡಿದ. ಸಾಸಿವೆ ಇರಲಿಲ್ಲ, ಕರಿಬೇವು ಇರಲಿಲ್ಲ. ಕರಿಬೇವಿನ ಪೊಟ್ಟಣ ಬಿಚ್ಚಿಯೇ ಇರಲಿಲ್ಲ. ಪಲ್ಯವನ್ನೂ ಬರಿದೇ ಬೇಯಿಸಿ ಇಳಿಸಿದ್ದ. ತನ್ನ ಕೈ ಹೀಗೆ ಮಾಡಿದ್ದು ಅವನಿಗೆ ಆಗಲೇ ತಿಳಿದದ್ದು. ಸಾವಿನ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಅವನು ಹುಡುಗನಾಗಿದ್ದಾಗ ಅಪ್ಪ ತೀರಿಕೊಂಡ ದಿನಗಳಲ್ಲಿ ಅಣ್ಣ ಒಲೆಯ ಮುಂದೆ ಕೂತು ಹೀಗೆಯೇ ಸಾರು ಮಾಡಿದ್ದ.

"ಮರ್ತ್ ಹೋಯ್ತ್" ಎಂದ.

"ಎಣ್ಣಿ ಕಾಸೂದು ಮರ್ತು ಹೋಗೂ ಆಸಾಮಿ ಏನ್ ನೀ? ಮನ್ಯಾಗ ಯಾರು ಹೋದ್ರು?"

"ಅಣ್ಣ. ಹೊರಡುಕೆ ಮುಂಚಿನ ದಿನ."

ಚಂದ್ರವ್ವ ನಲ್ಲಿಯನ್ನು ನಿಲ್ಲಿಸಿದಳು. ತಟ್ಟೆಯನ್ನು ಸೆರಗಿನಿಂದ ಒರೆಸಿದಳು. "ಅತ್ತಿಯೇನು?"

"ಬತ್ತಿಲ್ಲ ಅಕ್ಕ."

"ಬರತೈತಿ ತಗೋ. ಅದು ತನ್ನ ಹೊತ್ತಿಗೆ ಬರತೈತಿ." ಆಮೇಲೆ ದನಿ ತಗ್ಗಿಸಿ ಹೇಳಿದಳು: "ನೋಡಪಾ, ನಾವು ಲಿಂಗ ಕಟ್ಟಿಕೊಂಡವ್ರು. ನಮ್ಮೊಳಗ ಸೂತಕ ಹಿಡಿಯೂದಿಲ್ಲ. ನಾ ನಿನ್ನ ಕೈಯಾಗಿಂದು ನಾಳೆನೂ ಉಣ್ಣತೀನಿ, ನಾಡ್ದೂ ಉಣ್ಣತೀನಿ. ಆದ್ರ ಆ ಕಾಮಾಕ್ಷಿ ಬಾಯಾರು ದೇವ್ರಿಗೆ ಎಡಿ ಹಿಡೀತಾರ. ನಿನಗೂ ಅದರ ಮ್ಯಾಲೆ ನಂಬಿಗಿ ಐತಿ. ಇಲ್ಲಾಂದ್ರ ಊದುಬತ್ತಿ ಯಾಕ ಬಿಟ್ಟಿ?"

"ಹೇಳ್ಬೇಡ ಅಂದಿದ್ರ್, ನಿತೀಶ."

"ನಿತೀಶಗ ದೇವ್ರು ಕೇಳೂದಿಲ್ಲ. ನಿನಗ ಕೇಳ್ತಾನ" ಎಂದು ಚಂದ್ರವ್ವ ತಟ್ಟೆ ಒಳಗಿಟ್ಟು ಹೊರಟುಹೋದಳು.

ಮರುದಿನ ಬೆಳಿಗ್ಗೆ ಬಸ್ಸು ಪೇಜ್ ಎಂಬ ಊರಿನ ಕಡೆ ಹೊರಟಿತು. ಭೋಜ ಎಂದಿನಂತೆ ವ್ಯಾನಿಗೆ ಹೋಗದೆ ಬಸ್ಸು ಹತ್ತಿದ. ಗೈಡ್ ಬಳಿ ಮೈಕು ಕೇಳಿದ. ಊಟದ ವಿಷಯ ಹೇಳುತ್ತಾನೆ ಎಂದುಕೊಂಡು ಅವಳು ನಗುತ್ತ ಕೊಟ್ಟಳು.

"ನನ್ನ ಅಣ್ಣ ಹೋಗಿದ್ದಾರೆ" ಎಂದ ಭೋಜ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ. "ನಾವು ಹೊರಡುವ ಹಿಂದಿನ ದಿನ. ನನಗೆ ಸೂತಕ ಇದೆ. ಇಷ್ಟು ದಿನ ಅಡುಗೆ ಮಾಡಿ ಹಾಕಿದ್ದೇನೆ. ನೈವೇದ್ಯಕ್ಕೂ ಕೊಟ್ಟಿದ್ದೇನೆ. ಹೇಳಬೇಕಿತ್ತು, ಹೇಳಲಿಲ್ಲ."

ಮೈಕು ಗೈಡ್ ಕೈಗೆ ಕೊಟ್ಟು ಮುಂದಿನ ಖಾಲಿ ಸೀಟಿನಲ್ಲಿ ಕೂತ. ಯಾರೋ ಒಬ್ಬರು ಗೈಡ್‌ಗೆ ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ಅರ್ಧಕ್ಕೇ ಬಿಟ್ಟರು.

ಕಾಮಾಕ್ಷಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಬಸ್ಸು ನಿಂತಾಗ ಇಳಿದು, ನಲ್ಲಿಯ ಬಳಿ ಹೋಗಿ, ಕೃಷ್ಣನನ್ನು ತೊಳೆದು, ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯೊಳಗೆ ಹಾಕಿದರು. ಗಂಡನಿಗೆ ಹೇಳಿದ್ದು ಇಷ್ಟೇ: "ಇನ್ನು ಮನೆಗೆ ಹೋದ್ಮೇಲೆ ತೆಗೀತೀನಿ. ಅಲ್ಲೀವರೆಗೆ ನನಗೆ ಹಣ್ಣು ಸಾಕು."

ಮಧ್ಯಾಹ್ನ ಭೋಜ ವ್ಯಾನಿನ ಬಾಗಿಲು ತೆಗೆದಾಗ ಚಂದ್ರವ್ವ ಆಗಲೇ ಅಲ್ಲಿ ಸೆರಗು ಕಟ್ಟಿ ನಿಂತಿದ್ದಳು. ಅವಳ ಹಿಂದೆ ಇನ್ನೂ ನಾಲ್ಕೈದು ಹೆಂಗಸರು.

"ಅತ್ತಾಗ ಸರಿ. ಸೂತಕ ಇದ್ದಾವ ಒಲಿ ಮುಟ್ಟಬಾರದು ಅಂದ್ರ ನಾವು ಮುಟ್ಟತೀವಿ. ಅಕ್ಕಿ ಎಲ್ಲೈತಿ ಅಷ್ಟ ತೋರ್ಸು."

ಅರ್ಧ ಜನ ಹೆಂಗಸರು ಮಾಡಿದರೆ ಮಾತ್ರ ಉಣ್ಣುತ್ತೇವೆ ಎಂದರು. ಇನ್ನರ್ಧ ಜನ ಚಂದ್ರವ್ವನಂತೆ, ಭೋಜ ಮಾಡಿದರೂ ಉಣ್ಣುತ್ತಿದ್ದೆವು ಎಂದರು. ಆದರೆ ಬೇರೆ ಒಲೆ ಇರಲಿಲ್ಲ, ಹಾಗಾಗಿ ಎಲ್ಲರಿಗೂ ಹೆಂಗಸರ ಅಡುಗೆಯೇ. ಸತ್ಯನಾರಾಯಣ ಈರುಳ್ಳಿ ಹೆಚ್ಚಲು ಕೂತರು.

"ರಜಾ ಅಂತ ಅಟ್ಲಾಂಟಿಕ್ ದಾಟಿ ಬಂದು ಈರುಳ್ಳಿ ಹೆಚ್ಚೋ ಯೋಗ ನೋಡಿ ನಂದು!"

"ಹೆಚ್ಚರಿ ಸಾಹೇಬ್ರ. ಕಣ್ಣಾಗ ನೀರು ಬಂದ್ರ ಕಣವಿ ಚೊಕ್ಕ ಕಾಣತೈತಿ" ಎಂದಳು ಚಂದ್ರವ್ವ.

ಜನ ನಕ್ಕರು. ಭೋಜನೂ ನಗಬೇಕಾದಲ್ಲಿ ನಕ್ಕ.

ಗ್ರ್ಯಾಂಡ್ ಕ್ಯಾನಿಯನ್ ತಲುಪಿದಾಗ ಅವನಿಗೆ ಮಾಡಲು ಏನೂ ಇರಲಿಲ್ಲ. ಹೆಂಗಸರು ಅವನನ್ನು ವ್ಯಾನಿನ ಬಳಿಯಿಂದ ಓಡಿಸಿದರು. "ಹೋಗೋ, ಒಮ್ಮೆರ ನೋಡಿ ಬಾ" ಎಂದಳು ಚಂದ್ರವ್ವ. ಅವನು ಜನರ ಹಿಂದೆ ನಡೆದು, ಮರಗಳನ್ನು ದಾಟಿ, ಕಟಕಟೆಯ ಬಳಿ ನಿಂತ.

ನೆಲ ಅಲ್ಲಿಗೆ ಮುಗಿದಿತ್ತು. ಕೆಳಗೆ ಕೆಂಪು, ಅದರ ಕೆಳಗೆ ಇನ್ನೊಂದು ಕೆಂಪು, ಅದರ ಕೆಳಗೆ ನೇರಳೆ. ಎಲ್ಲಕ್ಕಿಂತ ಕೆಳಗೆ ದಾರದಷ್ಟು ನೀರು. ಆಚೆಯ ಅಂಚು ಮಂಜಿನಲ್ಲಿ ಇದ್ದಂತೆ ಕಾಣುತ್ತಿತ್ತು. ಪಕ್ಕದವರು ಬಾಯಿಗೆ ಕೈ ಇಟ್ಟುಕೊಂಡಿದ್ದರು, ಒಬ್ಬಾಕೆ ಅಳುತ್ತಿದ್ದಳು. ಗೈಡ್ ಕಲ್ಲಿನ ವಯಸ್ಸು ಹೇಳುತ್ತಿದ್ದಳು. ಭೋಜ ನೋಡಿದ. ದೊಡ್ಡದಿತ್ತು. ಅವನಿಗೆ ನೆನಪಾದದ್ದು ಹೆಂಗಸರು ಸಿಲಿಂಡರಿನ ಕೀಲಿ ಸರಿಯಾಗಿ ತಿರುಗಿಸಿದರೋ ಇಲ್ಲವೋ ಎಂಬುದು.

ಸತ್ಯನಾರಾಯಣ ಅವನ ಫೋನು ತೆಗೆದುಕೊಂಡು ಒಂದು ಫೋಟೋ ತೆಗೆದರು. ಭೋಜ ಅದನ್ನು ಸುಗುಣಾಗೆ ಕಳಿಸಿದ. ತುಸು ಹೊತ್ತಿನ ಮೇಲೆ ಉತ್ತರ ಬಂತು: "ಉಂಡ್ರ್ಯಾ?"

ಕಾಮಾಕ್ಷಿ ಬಂದು ಕಟಕಟೆಗೆ ಕೈ ಊರಿ ನಿಂತರು. ಬಸ್ಸಿನಲ್ಲಿ ಹೇಳಿದಂದಿನಿಂದ ಅವರು ಅವನೊಡನೆ ಮಾತಾಡಿರಲಿಲ್ಲ.

"ಅಣ್ಣನ ಹೆಸರೇನು?"

"ಶೀನ."

"ದೊಡ್ಡವರಾ ತುಂಬ?"

"ಹತ್ತು ವರ್ಷಕ್ಕೆ. ಅಡುಗೆ ಕಲಿಸಿದ್ದು ಅವರೇ."

ಕಾಮಾಕ್ಷಿ ತಲೆಯಾಡಿಸಿದರು. "ನನ್ನ ತಮ್ಮ ಹೋದಾಗ ನಾನು ಸ್ಟ್ಯಾನ್ಮೋರಿನಲ್ಲೇ ಇದ್ದೆ. ಹೋಗೋಕಾಗಲಿಲ್ಲ." ಕೈಚೀಲವನ್ನು ಭುಜಕ್ಕೇರಿಸಿಕೊಂಡು, "ನನಗೆ ನಿಮ್ಮ ಮೇಲೆ ಕೋಪ ಇದೆ, ಭೋಜ ಅವ್ರೇ. ಹೋಗುತ್ತೆ. ಇವತ್ತು ಹೋಗಲ್ಲ" ಎಂದರು.

"ಆಯ್ತಮ್ಮ."

ಇಬ್ಬರೂ ಅಲ್ಲೇ ನಿಂತಿದ್ದರು. ಊಟಕ್ಕೆ ಕರೆಯುವ ಚಂದ್ರವ್ವನ ಕೂಗು ಮರಗಳ ಆಚೆಯಿಂದ ಕೇಳಿಬಂತು.

ಲಂಡನ್ನಿಗೆ ಮರಳಿದ ಮಾರನೆಯ ದಿನ ನಿತೀಶ ಕರೆಸಿದ. ಜನ ಯಾರೂ ದೂರು ಕೊಟ್ಟಿರಲಿಲ್ಲ. ಆದರೆ ಸುದ್ದಿ ಸ್ಟ್ಯಾನ್ಮೋರ್, ಸಟನ್ ಎಲ್ಲ ಕಡೆ ಮುಟ್ಟಿತ್ತು. ಬುಕ್ ಮಾಡಲಿದ್ದವರು ಫೋನಿನಲ್ಲಿ ಅಡುಗೆಯವರು ಯಾರು ಎಂದು ಮೊದಲು ಕೇಳುತ್ತಿದ್ದರು.

"ಹೇಳ್ಬೇಡಿ ಅಂದಿದ್ದೆ ಅಲ್ವಾ ಭೋಜಣ್ಣ. ನೀವು ಮಾಡಿದ್ದಕ್ಕೆ ಬೇಜಾರಿಲ್ಲ ನಂಗೆ. ಹೇಳಿದ್ದಕ್ಕೆ ಬೇಜಾರು."

"ಹೇಳ್ಕಿತ್ತ್" ಎಂದ ಭೋಜ.

ನಿತೀಶ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಸರಿ ಎನ್ನುವಂತೆ ಕೈ ಆಡಿಸಿದ.

ಅಣ್ಣನ ಬೊಜ್ಜ ಊರಿನಲ್ಲಿ ನಡೆಯಿತು. ಭೋಜ ಅದನ್ನು ಫೋನಿನಲ್ಲಿ ನೋಡಿದ. ನಡುವೆ ಎರಡು ಸಲ ಚಿತ್ರ ನಿಂತುಹೋಯಿತು. ಮುಗಿದ ಮೇಲೆ ಸುಗುಣಾ ದೇವರ ಗೂಡಿನ ಬಾಗಿಲು ತೆಗೆದು ದೀಪ ಹಚ್ಚಿದಳು. ಅವನು ಸ್ನಾನ ಮಾಡಿ ಬಂದು ಅವಳ ಪಕ್ಕದಲ್ಲಿ ಕೈ ಮುಗಿದು ನಿಂತ.

ಮುಂದಿನ ಅಮೆರಿಕದ ತಂಡ ಸೆಪ್ಟೆಂಬರಿನಲ್ಲಿ ಹೊರಡುತ್ತದೆ. ವಿನಾಯಕ ಎಂಬ ಬೇರೊಬ್ಬ ಅಡುಗೆಯವನಿಗೆ ವೀಸಾ ಬಂದಿದೆ. ಭೋಜನಿಗೆ ನಿತೀಶ ಸ್ಕಾಟ್ಲೆಂಡಿನ ಬಸ್ಸಿನ ಅಡುಗೆ ಕೊಟ್ಟಿದ್ದಾನೆ. ಅದು ಬರುವ ಶುಕ್ರವಾರ ಹೊರಡುತ್ತದೆ.