ಬಾಟನಿ ಕೊಡಿಸಿದ ಮೇಡಂ

ನಮ್ಮ ಕೆಮಿಸ್ಟ್ರಿ ಮೇಡಂಗೆ ಎಡಗಣ್ಣಿನ ಹುಬ್ಬು ಅರ್ಧವೇ ಇತ್ತು. ಯಾವತ್ತೋ ಲ್ಯಾಬಿನಲ್ಲಿ ಸುಟ್ಟುಹೋದದ್ದು ಮತ್ತೆ ಬೆಳೆದಿರಲಿಲ್ಲ. ದಡ್ಡ ಪ್ರಶ್ನೆ ಕೇಳಿದವರ ಕಡೆಗೆ ಅದನ್ನೇ ಏರಿಸುತ್ತಿದ್ದರು. ಬೆತ್ತ ಹಿಡಿದ ಮೇಷ್ಟ್ರುಗಳಿಗಿಂತ ಆ ಅರ್ಧ ಹುಬ್ಬಿಗೇ ನಾವು ಹೆಚ್ಚು ಹೆದರುತ್ತಿದ್ದೆವು.

ಸೊರಬದ ಕಡೆಯವರು, ಶಿಕಾರಿಪುರದಲ್ಲಿ ಪಿಯುಸಿಗೆ ಪಾಠ ಹೇಳುತ್ತಿದ್ದರು. ಫಲಿತಾಂಶ ಬಂದ ವಾರ ಅವರ ಮನೆ ಜಗುಲಿ ತುಂಬ ಮಕ್ಕಳು. ಯಾವ ಸಬ್ಜೆಕ್ಟ್ ಕೇಳಿದರೆ ಸೀಟು ಸುಲಭ ಎಂದು ಯಾರಾದರೂ ಬಾಯಿಬಿಟ್ಟರೆ ಮುಗಿಯಿತು. "ಖಾಲಿ ಇದೆ ಅಂತ ಸಿಕ್ಕಿದ ಬಸ್ ಹತ್ತಿದ್ರೆ ಯಾವೂರಲ್ಲಿ ಹೋಗಿ ಇಳೀತೀಯ ಮಾರಾಯ?" ಎಂದು ಬೈದೇ ಕಳಿಸುತ್ತಿದ್ದರು.

ನಾನೂ ಅದನ್ನೇ ಕೇಳಲು ಹೋದವಳು. ನನಗೆ ಬೇಕಿದ್ದದ್ದು ಕಂಪ್ಯೂಟರ್ ಸೈನ್ಸ್. ಶಿವಮೊಗ್ಗದ ಸರ್ಕಾರಿ ಕಾಲೇಜಿನಲ್ಲಿ ಅದಕ್ಕೇ ನೂಕುನುಗ್ಗಲು, ನನ್ನ ಅಂಕವೋ ಅಷ್ಟಕ್ಕಷ್ಟೆ. ಗಾದಿ ಅಂಗಡಿ ಇಟ್ಟಿದ್ದ ನಮ್ಮ ತಂದೆ, ಅಬ್ಬ, ಒಂದೇ ಮಾತು ಹೇಳಿದ್ದರು: ಈ ವರ್ಷ ಸರ್ಕಾರಿ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಬಂದಿರುವ ಸಂಬಂಧಕ್ಕೆ ಹೂಂ ಅನ್ನು. ಇದೆಲ್ಲ ಹೇಳಿದಾಗ ಮೇಡಂ ಹುಬ್ಬೇರಿಸಲಿಲ್ಲ. "ನಿನಗೆ ಈಗ ಬಸ್ ಹತ್ತೋದು ಮುಖ್ಯ. ಬಾಟನಿ ಕೇಳು, ಅದಕ್ಕೆ ಯಾರೂ ನೂಕಾಡಲ್ಲ" ಎಂದರು.

ಮಾರನೆಯ ದಿನ ನಮ್ಮ ಅಂಗಡಿಗೇ ಬಂದರು. ಬೇಡದ ಒಂದು ದಿಂಬು ಕೊಂಡು, ಮಾರಾಟಕ್ಕಿಟ್ಟ ಗಾದಿಯ ಮೇಲೇ ಕೂತು ಮಾತಿಗಿಳಿದರು. ಅಬ್ಬ ಹತ್ತಿ ತುಂಬುತ್ತಲೇ, "ಗಿಡ ಓದಿ ಏನ್ ಮಾಡ್ತಾಳ್ರಿ ಮೇಡಂ?" ಎಂದರು.

"ಮೊದ್ಲು ಓದ್ಲಿ ಬಿಡ್ರಿ. ಮಾಡೋದನ್ನ ಅವಳೇ ನೋಡ್ಕೊಳ್ತಾಳೆ."

ಅಬ್ಬ ನಕ್ಕುಬಿಟ್ಟರು. ನಕ್ಕ ಮೇಲೆ ಇಲ್ಲ ಎನ್ನುವುದು ಅವರಿಂದ ಆಗುತ್ತಿರಲಿಲ್ಲ.

ಬಾಟನಿ ಸಿಕ್ಕಿತು. ನನಗಿಂತ ಹೆಚ್ಚು ಅಂಕ ತೆಗೆದಿದ್ದ ಗೆಳತಿ ಕಂಪ್ಯೂಟರ್ ಸೈನ್ಸ್ ಕೇಳಿ ಬರಿಗೈಯಲ್ಲಿ ವಾಪಸಾದಳು. ಮೂರು ವರ್ಷ ಎಲೆ, ಬೇರುಗಳ ಚಿತ್ರ ಬರೆದೆ, ಆ ವಿದ್ಯೆ ಮಾತ್ರ ನನಗೆ ಒಲಿಯಲೇ ಇಲ್ಲ. ಈಗ ಸೊರಬದ ಬ್ಯಾಂಕೊಂದರಲ್ಲಿ ಕೆಲಸ. ಮದುವೆಯೂ ಆಯಿತು, ನಾನು ಒಪ್ಪಿದಾಗ, ಒಪ್ಪಿದವನೊಡನೆ.

ಹೋದ ವರ್ಷ ಮೇಡಂ ಹಾಸಿಗೆ ಹಿಡಿದರೆಂದು ತಿಳಿದು ನೋಡಲು ಹೋದೆ. ಮಾತು ತೊದಲುತ್ತಿತ್ತು. "ಇಷ್ಟ ಇಲ್ಲದ್ದನ್ನ ಓದಿಸ್ಬಿಟ್ನಲ್ಲೇ ನಿನಗೆ" ಎಂದರು. ಇಷ್ಟು ವರ್ಷ ಇದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರೆಂದು ನನಗೆ ಆಗಲೇ ತಿಳಿದದ್ದು.

"ಬಾಟನಿ ಹೋಗ್ಲಿ ಬಿಡಿ ಮೇಡಂ. ನೀವು ನನಗೆ ಮೂರು ವರ್ಷ ಕೊಡಿಸಿದ್ರಿ" ಎಂದೆ.

ಮುಂದಿನ ವಾರ ತೀರಿಕೊಂಡರು. ಕೇಳಿಸಿಕೊಂಡು ಹೋದರಲ್ಲ, ಅದೊಂದೇ ನನ್ನ ನೆಮ್ಮದಿ.