ಡಿಕ್ಕಿ ಮುಟ್ಟದ ಕರೆಂಟು

ಮಾನ್ವಿಯ ಗುಲಾಮ್ ದಸ್ತಗೀರನ ಅಂಗಡಿ ಬೋರ್ಡಿನಲ್ಲಿ ಅವನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ‘ಗ್ಯಾರಂಟಿ’ ಎಂದು ಬರೆದಿದೆ. ಇಪ್ಪತ್ತೆರಡು ವರ್ಷ ಕಾರು, ಟ್ರ್ಯಾಕ್ಟರುಗಳ ವೈರಿಂಗ್ ಮಾಡಿದ ಮನುಷ್ಯ. ಹಾರ್ನಿನ ದನಿ ಕೇಳಿಯೇ ಬ್ಯಾಟರಿಯ ವಯಸ್ಸು ಹೇಳುತ್ತಾನೆ. ಮೀಟರು ಹಿಡಿದು ಅಳೆಯುವುದೆಂದರೆ ಅವನಿಗೆ ಸ್ವಲ್ಪ ನಾಚಿಕೆ. ಅದೇನಿದ್ದರೂ ಹೊಸದಾಗಿ ಕಲಿಯುವವರ ಕೆಲಸ. ಮನೆಯ ಮಿಕ್ಸರ್ ಕೆಟ್ಟರೆ ಹೆಂಡತಿ ಲತೀಫಾ ಸದ್ದಿಲ್ಲದೆ ಬೇರೆ ಅಂಗಡಿಗೆ ಕಳಿಸುತ್ತಾಳೆ ಎಂಬುದನ್ನು ಮಾತ್ರ ಅವನು ಯಾರಿಗೂ ಹೇಳುವುದಿಲ್ಲ.

ಇಂಥವನ ನೆಮ್ಮದಿ ಕೆಡಿಸಿದ್ದು ಸಿರವಾರದ ಚನ್ನಮಲ್ಲಮ್ಮನ ಬಿಳಿ ಅಂಬಾಸಿಡರ್. ಅರವತ್ತು ದಾಟಿದ ಈ ಹೆಣ್ಣುಮಗಳು ಹತ್ತು ಎಕರೆ ಭತ್ತ ಬೆಳೆಯುತ್ತಾಳೆ, ಕಾರನ್ನೂ ತಾನೇ ಓಡಿಸುತ್ತಾಳೆ. ಎಂಜಿನ್ನಿನ ಪಕ್ಕದ ಹಳೆಯ ಪೆಟ್ರೋಲ್ ಪಂಪು ಕೆಟ್ಟು, ಅಂಥದ್ದು ರಾಯಚೂರಿನಲ್ಲೂ ಸಿಗದೆ, ದಸ್ತಗೀರ ಡಿಕ್ಕಿಯಲ್ಲಿ ಟ್ಯಾಂಕಿನ ಹತ್ತಿರ ಕರೆಂಟಿನ ಪಂಪು ಕೂರಿಸಿದ್ದ. ಅಂಗೈಯಲ್ಲಿ ಹಿಡಿಯುವಷ್ಟು ಪಂಪು. ಇಷ್ಟಕ್ಕೆ ಇಷ್ಟು ಸಾಕೆಂದು, ಪಾರ್ಕಿಂಗ್ ದೀಪಕ್ಕೆ ಹಾಕುವ ಅರ್ಧ ಎಂಎಂ ವೈರನ್ನೇ ಮುಂದಿನ ಬ್ಯಾಟರಿಯಿಂದ ಹಿಂದಿನ ಡಿಕ್ಕಿಯ ತನಕ ಎಳೆದಿದ್ದ.

ಮಾನ್ವಿಯೊಳಗೆ ಕಾರು ಚೆನ್ನಾಗಿಯೇ ಓಡಿತು. ದೇವದುರ್ಗದ ದಾರಿಯಲ್ಲಿ ಲೈಟು ಹಾಕಿ ವೇಗ ಏರಿಸಿದಾಗ ಕೆಮ್ಮಿ ನಿಂತಿತು. ಪಂಪೇ ಖೋಟಾ ಎಂದ ದಸ್ತಗೀರ, ಬೇರೆ ಹಾಕಿದ. ಮತ್ತೆ ನಿಂತಿತು. ಮೂರನೆಯದನ್ನು ಹಾಕುವಾಗ ಎದುರಿನ ಚಹಾದಂಗಡಿಗೆ ಕೇಳುವಂತೆ, ಇನ್ನೊಮ್ಮೆ ನಿಂತರೆ ಬೋರ್ಡಿನ ‘ಗ್ಯಾರಂಟಿ’ ಅಳಿಸಿಬಿಡುತ್ತೇನೆ ಎಂದ. ಮಸರಕಲ್ ಹತ್ತಿರ ಮತ್ತೆ ನಿಂತಿತು.

ಮರುದಿನ ಬಂದಿಳಿದ ಚನ್ನಮಲ್ಲಮ್ಮನ ಒಂದು ಕೈಯಲ್ಲಿ ಸುಣ್ಣದ ಡಬ್ಬಿ, ಇನ್ನೊಂದರಲ್ಲಿ ಬ್ರಷ್.

“ನಿಚ್ಚಣಿಕಿ ನಿನ್ನ ಹತ್ರ ಅದಲ್ಲ?”

“ತಡೀರಿ ಯವ್ವಾ. ಕುಂದರ್ರಿ, ಚಾ ಕುಡೀರಿ.”

“ಮೂರು ಸಲ ಕುಡದೀನಿ ಚಾ. ಮೂರು ಸಲ ನಿಂತದ ಗಾಡಿ.”

ಚಹಾದಂಗಡಿಯ ಬೆಂಚಿನಿಂದ ತಾಯಣ್ಣ ಸಮಾಧಾನ ಹೇಳಿದ: “ಮೂರ ಅಕ್ಷರ ಅದಾವ ಮಿಸ್ತ್ರಿ, ಲಗೂ ಮುಗೀತದ.”

ಮರ್ಯಾದೆ ಹೋಗುವ ಹೊತ್ತು ಬಂದಾಗ ದಸ್ತಗೀರನಿಗೆ ನಾಚಿಕೆ ಹೋಯಿತು. ಮೂಲೆಯಲ್ಲಿದ್ದ ಮೀಟರು ಹುಡುಕಿ, ಧೂಳು ಒರೆಸಿ, ಬಾನೆಟ್ ಎತ್ತಿ ಬ್ಯಾಟರಿಗೆ ಹಚ್ಚಿದ.

“ನೋಡ್ರಿ. ಹನ್ನೆರಡೂವರಿ ವೋಲ್ಟು, ಭರ್ತಿ ಅದ. ನನ್ನ ಕಡಿಂದ ಏನೂ ಕಮ್ಮಿ ಇಲ್ಲ.”

“ನಮ್ಮ ಕಾಲುವಿ ಸಾಹೇಬನೂ ಹಿಂಗ ಅಂತಾನ,” ಎಂದಳು ಚನ್ನಮಲ್ಲಮ್ಮ. “ಗೇಟಿನ ಹತ್ರ ನಿಂತು ನೀರು ಭರ್ತಿ ಅದ ಅಂತಾನ. ಕಾಲುವಿ ತುದೀಗೆ ನನ್ನ ಹೊಲ ಅದ, ಅಲ್ಲಿ ಬಂದು ನೋಡೋ ಯಪ್ಪಾ ಅಂದ್ರ ಜೀಪು ಹತ್ತತಾನ.”

ದಸ್ತಗೀರ ಮೀಟರಿನ ಕಡ್ಡಿಗಳನ್ನು ಬ್ಯಾಟರಿಯಿಂದ ತೆಗೆದ. ಮೂರೂ ಪಂಪುಗಳನ್ನು ಅವನು ಓಡಿಸಿ ನೋಡಿದ್ದು ಅಂಗಡಿಯ ಮೇಜಿನ ಮೇಲೆ, ಗೇಣುದ್ದ ವೈರಿನಲ್ಲಿ. ಡಿಕ್ಕಿಯಲ್ಲಿ ಕೂರಿಸಿದ ಮೇಲೆ ಗುರ್ ಎಂಬ ಸದ್ದು ಕೇಳಿದ ಕೂಡಲೇ ಬಾಗಿಲು ಮುಚ್ಚಿದ್ದ. ತುದಿಯ ಹೊಲಕ್ಕೆ ಅವನೂ ಹೋಗಿರಲಿಲ್ಲ.

ಪಂಪು, ಲೈಟು ಎರಡೂ ಹಾಕಿಸಿ, ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ, ವೈರು ಸೇರುವ ಪಂಪಿನ ಬಾಯಲ್ಲೇ ಮೀಟರು ಹಚ್ಚಿದ. ಹತ್ತು ವೋಲ್ಟೂ ಇರಲಿಲ್ಲ. ವೈರು ಮುಟ್ಟಿದ, ಬೆಚ್ಚಗಿತ್ತು.

“ಎಷ್ಟದ?” ಚನ್ನಮಲ್ಲಮ್ಮ ಹೊರಗಿನಿಂದ ಕೇಳಿದಳು.

ಡಿಕ್ಕಿಯೊಳಗಿಂದ ದನಿ ಸಣ್ಣಗೆ ಬಂತು: “ನಿಮ್ಮ ಹೊಲದಷ್ಟ ಅದ ಯವ್ವಾ.”

ಪಂಪು ಸಣ್ಣದಾದರೂ ಐದು ಆಂಪಿಯರ್ ಎಳೆಯುತ್ತದೆ. ಹದಿನೈದು ಅಡಿ ದಾರಿ. ಸಣ್ಣ ವೈರು ಎರಡು ವೋಲ್ಟಿಗೂ ಮಿಕ್ಕಿ ದಾರಿಯಲ್ಲೇ ನುಂಗುತ್ತಿತ್ತು. ಟ್ರ್ಯಾಕ್ಟರಿನ ಸ್ಟಾರ್ಟರಿಗೆ ಹೆಬ್ಬೆರಳಿನಷ್ಟು ದಪ್ಪ ಕೇಬಲ್ ಹಾಕುವ ದಸ್ತಗೀರನಿಗೆ ಇದು ಗೊತ್ತಿಲ್ಲದ್ದೇನಲ್ಲ. ಪಂಪಿನ ಗಾತ್ರ ನೋಡಿ ಮರೆತಿದ್ದ. ಎರಡೂವರೆ ಎಂಎಂ ವೈರು ತಂದು, ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಕಟ್ಟಿ, ಡಿಕ್ಕಿಗೆ ನೇರ ಎಳೆದ. ಕರೆಂಟು ಮರಳುವ ಅರ್ಥಿಂಗಿಗೂ ಅದೇ ವೈರು. ಈಗ ಪಂಪಿನ ಬಾಯಲ್ಲಿ ಹನ್ನೆರಡು ತೋರಿಸಿತು.

“ಗಾಡಿ ಹತ್ತು,” ಎಂದಳು ಚನ್ನಮಲ್ಲಮ್ಮ. “ದೇವದುರ್ಗಕ್ಕ ಹೋಗಿ ಬರೂಣು.”

ಹಾಡುಹಗಲಲ್ಲಿ ಲೈಟು ಹಾಕಿಕೊಂಡು ಅಂಬಾಸಿಡರ್ ಹೊರಟಿತು. ಸುಣ್ಣದ ಡಬ್ಬಿ ದಸ್ತಗೀರನ ತೊಡೆಯ ಮೇಲಿತ್ತು. ಚೆಲ್ಲಬಾರದೆಂದು ಅವಳೇ ಹಿಡಿಸಿದ್ದಳು. ಎದುರಿನಿಂದ ಬರುವವರೆಲ್ಲ ಲೈಟು ಆರಿಸಿರೆಂದು ಕೈಸನ್ನೆ ಮಾಡಿದರು. ಮಸರಕಲ್ ಬಂದಾಗ ಚನ್ನಮಲ್ಲಮ್ಮ ಎಪ್ಪತ್ತರ ವೇಗದಲ್ಲಿದ್ದಳು, ದಸ್ತಗೀರ ಕಣ್ಣು ಮುಚ್ಚಿದ್ದ. ಕೆಮ್ಮು ಬರಲಿಲ್ಲ. ದೇವದುರ್ಗದಲ್ಲಿ ಮಿರ್ಚಿ ತಿಂದು ವಾಪಸಾಗುವಾಗಲೂ ಬರಲಿಲ್ಲ.

ಮಾನ್ವಿಯಲ್ಲಿ ಇಳಿದಾಗ ಅವನು ಡಬ್ಬಿ ಮರಳಿಸಲು ಹೋದ.

“ಇಲ್ಲೇ ಇಟಗೋ,” ಎಂದಳು. “ಒಣಗದಂಗ ನೀರು ಹಾಕ್ತಿರು. ಮತ್ತ ಆ ಹಳೇ ವೈರು ಕೊಡು, ಅರಿವಿ ಒಣಹಾಕಾಕ ಬರ್ತದ.”

ದಸ್ತಗೀರ ಸುರುಳಿ ಸುತ್ತಿದ ವೈರನ್ನು ಚಾಚಿದವನು ಕೈ ಹಿಂದಕ್ಕೆ ಎಳೆದುಕೊಂಡ.

“ಎಷ್ಟುದ್ದ ಕಟ್ಟತೀರಿ ಯವ್ವಾ? ಒಂದ ಸಲಕ್ಕ ಎಷ್ಟು ಸೀರಿ ಹಾಕ್ತೀರಿ?”