ಪಕ್ಕದ ಸೀಟಿನ ಅರವತ್ತು ಕಿಲೋ

ಅವತ್ತು ಮಂಗಳವಾರ. ನನ್ನ ಗಂಡ ಜೀಪಿನ ಹಿಂದೆ ಕಟ್ಟಿದ ಕ್ಯಾರವಾನಿನ ನೀರಿನ ಟ್ಯಾಂಕ್ ಖಾಲಿ ಮಾಡುತ್ತಾ ಬೈಯುತ್ತಿದ್ದರು.

"ಎಪ್ಪತ್ತು ಲೀಟರ್ ಅಂದ್ರೆ ಎಪ್ಪತ್ತು ಕಿಲೋ ಕಣೇ. ಜೀಪು ಎಳೀಬೇಡ್ವಾ?"

"ನಿಮ್ಮ ಹೊಟ್ಟೆ ಇಳಿಸಿ ರೀ, ಸರಿಹೋಗತ್ತೆ."

"ಹೊಟ್ಟೆ ಕೂರೋದು ಜೀಪಲ್ಲಿ, ನೀರು ಕ್ಯಾರವಾನಲ್ಲಿ. ಎರಡಕ್ಕೂ ಬೇರೆ ಬೇರೆ ಮಿತಿ."

ಅವರದು ತಕ್ಕಡಿ ರಿಪೇರಿ. ಸಂತೆಯಿಂದ ಸಂತೆಗೆ ಹೋಗುತ್ತಿದ್ದೆವು. ಮಲಗೋದೂ ಕ್ಯಾರವಾನಲ್ಲೇ, ಅಂಗಡಿಯೂ ಅದೇ. ಗ್ರಾಂ ಬಿಡದ ಮನುಷ್ಯ, ತೂಕದ ಬಟ್ಟಿನ ಮೇಲೆ ಧೂಳೂ ಕೂರಬಾರದು ಅನ್ನೋರು. ಮಾರನೇ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಲು ಕೂತವರು ಹಾಗೇ ವಾಲಿದರು. ಎದೆಬಡಿತ ನಿಂತಿತ್ತು.

ಎರಡು ತಿಂಗಳಾದ ಮೇಲೆ, ಸಾಮಾನಿಡೋಕೆ ಅಂತ ಊರಲ್ಲಿ ಹಿಡಿದಿದ್ದ ಬಾಡಿಗೆ ಕೋಣೆ ಬಿಟ್ಟೆ. ಅಲ್ಲಿದ್ದ ಸಾಮಾನೂ ಕ್ಯಾರವಾನಿಗೆ ಬಂತು. ಜೀಪು ಓಡಿಸೋದು ನನಗೂ ಬರುತ್ತೆ. ಮೈದುನ ಜೊತೆಗೆ ಬಂದ. ಲಾರಿ ತೂಗುವ ವೇಬ್ರಿಡ್ಜಿಗೆ ಹೋದೆವು. ಕೊಂಡಿ ಬಿಚ್ಚಿ ಕ್ಯಾರವಾನ್ ಒಂದನ್ನೇ ತೂಗಿದರು. ನಮ್ಮ ಜೀಪು ಎಳೆಯಬಹುದಾದ್ದು ಸಾವಿರದ ಇನ್ನೂರು ಕಿಲೋ. ಐವತ್ತೈದು ಜಾಸ್ತಿ ಬಂತು.

"ಹೇಳಲಿಲ್ವಾ ಅತ್ತಿಗೆ? ಆ ಕಬ್ಬಿಣ ಗುಜರಿಗೆ ಹಾಕಿ."

ಕಬ್ಬಿಣ ಅಂದದ್ದು ಇಪ್ಪತ್ತು ಕಿಲೋದ ಮೂರು ತೂಕದ ಬಟ್ಟುಗಳಿಗೆ. ಅವಿಲ್ಲದೆ ದೊಡ್ಡ ತಕ್ಕಡಿ ಸರಿಯಿದೆಯಾ ಅಂತ ನೋಡೋದು ಹೇಗೆ? ಇಪ್ಪತ್ತೆರಡು ವರ್ಷ ಅವರ ಪಕ್ಕ ಕೂತು ಕಲಿತ ಕೆಲಸ. ನನಗೆ ಬೇರೆ ಕೆಲಸ ಬರಲ್ಲ.

"ಮಂಚ ಇಳಿಸು. ಅದು ಬೇಡ," ಅಂದೆ.

"ನೆಲದ ಮೇಲೆ ಮಲಗ್ತೀರಾ?"

ನನ್ನ ಗಂಡನನ್ನು ಬಲ್ಲ ತೂಗುವವನು ಕಿಟಕಿಯಿಂದ ತಲೆ ಹಾಕಿದ. "ಅಕ್ಕಾ, ಮಂಚ ಯಾಕೆ ಇಳಿಸ್ತೀರಿ? ಆ ಬಟ್ಟುಗಳನ್ನ ಜೀಪಿಗೆ ಹಾಕಿ."

"ಜೀಪು ತಡೀತದಾ?"

"ತಡಿಯತ್ತೆ. ಜೀಪಲ್ಲಿ ಒಬ್ಬರು ಕಮ್ಮಿ ಅಲ್ವಾ..." ಅಂದು ನಾಲಿಗೆ ಕಚ್ಚಿಕೊಂಡ.

"ಹೌದಪ್ಪಾ. ಕಮ್ಮಿ," ಅಂದೆ.

ಮೊದಲು ನಾನು ಕೂರುತ್ತಿದ್ದ ಪಕ್ಕದ ಸೀಟಿನ ಕೆಳಗೆ ಮೂರನ್ನೂ ಇಟ್ಟು ಹಗ್ಗ ಬಿಗಿದರು. ಮತ್ತೆ ತೂಗಿದರು. ಕ್ಯಾರವಾನ್ ಮಿತಿಗಿಂತ ಐದು ಕಿಲೋ ಕಮ್ಮಿ ಬಂತು. ಜೀಪೂ ಮಿತಿ ದಾಟಲಿಲ್ಲ, ಎರಡೂ ಸೇರಿದ್ದೂ ದಾಟಲಿಲ್ಲ. ಅವನು ಚೀಟಿ ಕೊಟ್ಟ. ಅಲ್ಲೇ ಕಟ್ಟೆ ಮೇಲೆ ಕೂತೆ. ಎರಡು ತಿಂಗಳಲ್ಲಿ ಮೊದಲ ಸಲ ಎದೆ ತುಂಬಾ ಉಸಿರಾಡಿದೆ.

"ಐದೇ ಕಿಲೋ ಅತ್ತಿಗೆ. ದಾರೀಲಿ ಏನೂ ಕೊಂಡ್ಕೋಬೇಡಿ," ಅಂದ ಮೈದುನ.

ಈಗ ಸಂತೆ ನನ್ನದೇ. ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಒಣಬಟ್ಟೆ ತಗೊಂಡು ಆ ಮೂರು ಬಟ್ಟುಗಳನ್ನೂ ಒರೆಸುತ್ತೇನೆ, ತಳವನ್ನೂ.